ಅಜ್ಜನ ಓಮ್ನಿಯ ಗುಂಯ್ ಸದ್ದು

ವೇಣೂರು ಪೇಟೆಯಲ್ಲಿ ಬಾಡಿಗೆ ಕಾರುಗಳು ನಿಲ್ಲುವ ಜಾಗದಲ್ಲಿ ಕುಳಿತು, ತಿರುವಿನಾಚೆಯಿಂದ ಬರುತ್ತಿರುವ ಗಾಡಿ ಯಾರದು ಎಂದು ನನ್ನ ಅಜ್ಜ ತುಕ್ರಪ್ಪ ನೋಡದೆಯೇ ಹೇಳುತ್ತಿದ್ದರಂತೆ. ಇದು ನಾನು ಕಂಡದ್ದಲ್ಲ, ಅಲ್ಲಿನ ಹಳೆಯ ಡ್ರೈವರುಗಳು ಹೇಳಿದ್ದು. ಜೀಪಾದರೆ ಯಾವ ಊರಿನ ಜೀಪು, ಲಾರಿಯಾದರೆ ಕಲ್ಲು ತುಂಬಿದ್ದೋ ಖಾಲಿಯೋ ಎಂಬುದನ್ನೂ ಹೇಳುತ್ತಿದ್ದರಂತೆ. ಒಮ್ಮೆ ತಪ್ಪಾದದ್ದೂ ಉಂಟು. ಬರುತ್ತಿರುವುದು ಗೇರುಬೀಜದ ಕಾರ್ಖಾನೆಯ ಟೆಂಪೊ ಎಂದು ಖಡಾಖಂಡಿತವಾಗಿ ಹೇಳಿ ಚಹಾಕ್ಕೆ ಪಂಥ ಕಟ್ಟಿದರು. ಬಂದದ್ದು ಅಕ್ಕಿ ಗಿರಣಿಯವರ ಟೆಂಪೊ. ವಿಚಾರಿಸಿದಾಗ, ಕಾರ್ಖಾನೆಯ ಟೆಂಪೊದ ಹಳೆಯ ಸೈಲೆನ್ಸರನ್ನು ಗಿರಣಿಯವರು ತೆಗೆದುಕೊಂಡು ಹಾಕಿಸಿಕೊಂಡಿದ್ದರು ಎಂದು ಗೊತ್ತಾಯಿತು. ಅಜ್ಜ ಚಹಾ ಕೊಡಿಸಲಿಲ್ಲ. ತಾನು ಹೇಳಿದ್ದು ಸರಿಯೇ ಇತ್ತು ಎಂಬುದು ಇವತ್ತಿಗೂ ಅವರ ವಾದ.

ಅಜ್ಜ ನನ್ನ ಅಮ್ಮನ ಅಪ್ಪ. ಹುಟ್ಟಿದ್ದು ನಾರಾವಿಯ ಹತ್ತಿರ. ಮೀಸೆ ಬರುವ ಮೊದಲೇ ಬಸ್ಸಿಗೆ ಕ್ಲೀನರ್ ಆಗಿ ಸೇರಿದರು. ಬೆಳಿಗ್ಗೆ ಬಸ್ಸು ತೊಳೆಯುವುದು, ಮೇಲೆ ಹತ್ತಿ ಬಾಳೆಗೊನೆ ಕಟ್ಟುವುದು, ಘಟ್ಟದಲ್ಲಿ ಬಸ್ಸು ನಿಂತರೆ ಚಕ್ರದ ಹಿಂದೆ ಕಲ್ಲು ಇಡುವುದು, ಇಷ್ಟು ಕೆಲಸ. ಲೈಸೆನ್ಸ್ ಸಿಕ್ಕಿದ ಮೇಲೆ ನಾರಾವಿಯ ಪದ್ಮಯ್ಯ ಹೆಗ್ಡೆಯವರ ಮನೆಯ ಅಂಬಾಸಿಡರ್ ಕಾರು ಓಡಿಸಲು ಹೋದರು. ಹೆಗ್ಡೆಯವರು ಆ ಕಾರನ್ನು ಮಾರಿದ ಮೇಲೆ ಅಜ್ಜ ವೇಣೂರಿಗೆ ಬಂದು ಮನೆ ಮಾಡಿ, ಒಂದು ಓಮ್ನಿ ಕೊಂಡು ಬಾಡಿಗೆಗೆ ಓಡಿಸತೊಡಗಿದರು. ಹೆಗ್ಡೆಯವರು ಮತ್ತೆ ಸ್ವಂತ ಕಾರು ಕೊಳ್ಳಲಿಲ್ಲ. ಪ್ರತಿ ಶುಕ್ರವಾರ ಮೂಡಬಿದ್ರೆಯ ಬಸದಿಗೆ ಹೋಗಲು ಅಜ್ಜನನ್ನೇ ಕರೆಯುತ್ತಿದ್ದರು. ಅವರ ಮಕ್ಕಳು ದೊಡ್ಡ ಕಾರಿನಲ್ಲಿ ಬಂದ ದಿನ ಕೂಡ ಅವರು ಹತ್ತುತ್ತಿದ್ದದ್ದು ಓಮ್ನಿಗೆ.

ಆ ಓಮ್ನಿಯಲ್ಲಿ ಹೋಗದವರು ನಮ್ಮ ಕಡೆ ಕಡಿಮೆ. ಹೆರಿಗೆಗೆ ಹೋದವರು, ಮಗುವನ್ನು ಎತ್ತಿಕೊಂಡು ಬಂದವರು, ಮದುವೆಯ ದಿಬ್ಬಣದವರು, ಹರಕೆ ಸಲ್ಲಿಸಲು ಪೊಳಲಿಗೆ ಹೊರಟವರು. ಮಿಜಾರಿನ ಕಾಲೇಜಿಗೆ ಸೇರುವ ಮಕ್ಕಳನ್ನು ಹಾಸಿಗೆ, ಬಕೆಟ್ಟು, ಉಪ್ಪಿನಕಾಯಿ ಡಬ್ಬಿ ಸಮೇತ ಬಿಟ್ಟು ಬಂದದ್ದೂ ಅದರಲ್ಲೇ. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಬೇಸಿಗೆಯಲ್ಲಿ ಅಲ್ಲಿ ಕುಳಿತವರಿಗೆ ಒಲೆಯ ಮೇಲೆ ಕುಳಿತ ಹಾಗೆ. ಅಜ್ಜನಿಗೆ ಅದು ಅನುಕೂಲ. ಇಂಜಿನಿನ ಪ್ರತಿಯೊಂದು ಮಾತೂ ಮೊದಲು ತನ್ನ ತೊಡೆಗೆ ಗೊತ್ತಾಗುತ್ತದೆ, ಆ ಮೇಲೆ ಕಿವಿಗೆ ಎನ್ನುತ್ತಿದ್ದರು.

ಸದ್ದುಗಳಿಗೆ ಅವರು ಹೆಸರನ್ನೂ ಇಟ್ಟಿದ್ದರು. ಬೆಲ್ಟ್ ಸಡಿಲಾಗಿ ಬರುವ ಕಿಚಿಕಿಚಿಗೆ ಕೋಳಿಮರಿ. ಸೈಲೆನ್ಸರ್ ತೂತಾದರೆ ಮುದುಕನ ಕೆಮ್ಮು. ಬ್ರೇಕಿನಲ್ಲಿ ಧೂಳು ಸೇರಿ ಕರಕರ ಎಂದರೆ ಅತ್ತೆ ಹಲ್ಲು ಕಡಿಯುವುದು. ಅಜ್ಜಿಯ ಹೆಸರು ಜಲಜಾಕ್ಷಿ. ಯಾವ ಅತ್ತೆ ಎಂದು ಅಜ್ಜಿ ಕೇಳಿದರೆ ಅಜ್ಜ ಉತ್ತರ ಕೊಡುತ್ತಿರಲಿಲ್ಲ.

ಅವರ ಒಂದು ಪದ್ಧತಿಯನ್ನು ಇಲ್ಲಿಯೇ ಹೇಳಬೇಕು. ಪ್ರತಿ ಸಂಕ್ರಮಣದ ಹಿಂದಿನ ಸಂಜೆ ಅವರು ಕಾರನ್ನು ಫಲ್ಗುಣಿ ಹೊಳೆಗೆ ಇಳಿಸಿ ತೊಳೆಯುತ್ತಿದ್ದರು. ತೊಳೆಯುವುದು ಎನ್ನುತ್ತಿರಲಿಲ್ಲ, ಮೀಯಿಸುವುದು ಎನ್ನುತ್ತಿದ್ದರು. ಮಳೆಗಾಲ ಬಿಟ್ಟರೆ ಉಳಿದ ತಿಂಗಳೆಲ್ಲ ಇದು ನಡೆಯುತ್ತಿತ್ತು. ಮರುದಿನ ಸಂಕ್ರಮಣಕ್ಕೆ ಮಿಂದ ಕಾರಿಗೆ ಹೂವು ಇಟ್ಟು ಊದುಬತ್ತಿ ಹಚ್ಚಿದ ಮೇಲೆಯೇ ಬಾಡಿಗೆ. ಹೊಳೆಗೆ ಇಳಿಯುವ ದಾರಿಯ ಮೇಲ್ಗಡೆ ಸುಬ್ಬಯ್ಯ ಎನ್ನುವವರ ಹೋಟೆಲು ಇತ್ತು. ಆಗೆಲ್ಲ ಸಂಕ್ರಮಣದ ಹಿಂದಿನ ಸಂಜೆ ಅಲ್ಲಿ ಬಾಡಿಗೆ ಕಾರುಗಳ ಸಾಲೇ ಇರುತ್ತಿತ್ತಂತೆ. ಸುಬ್ಬಯ್ಯನವರು ಗೋಳಿಬಜೆ ಬಿಡುತ್ತಿದ್ದದ್ದು ಬಹಳ ನಿಧಾನ. ಎಣ್ಣೆ ಕಾದಿಲ್ಲ, ಹಿಟ್ಟು ಹುಳಿ ಬಂದಿಲ್ಲ ಎಂದು ಎಲ್ಲರನ್ನೂ ಕೂರಿಸುತ್ತಿದ್ದರು. ಡ್ರೈವರುಗಳು ಬೈಯುತ್ತ, ಒಬ್ಬರ ಕಾರನ್ನು ಒಬ್ಬರು ತಮಾಷೆ ಮಾಡುತ್ತ ಕೂರುತ್ತಿದ್ದರು. ತಿಂದು, ಚಹಾ ಕುಡಿದು, ಪ್ಯಾಂಟು ಮಡಚಿ ಕಾರನ್ನು ನೀರಿಗೆ ಇಳಿಸುವಾಗ ಹೊತ್ತು ಇಳಿಯುತ್ತಾ ಬಂದಿರುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಂದೆರಡು ಸಲ ಅಜ್ಜನ ಜೊತೆ ಹೋಗಿದ್ದೇನೆ. ಒದ್ದೆ ಕಾರುಗಳು ದಡ ಹತ್ತಿ ಬಂದು, ನೀರು ಸುರಿಸುತ್ತ ಸಾಲಾಗಿ ನಿಂತದ್ದು ನನಗೆ ಚೆನ್ನಾಗಿ ನೆನಪುಂಟು. ಯಾವ ಕಾರೂ ಯಾವ ಕಾರಿಗಿಂತಲೂ ಹಳೆಯದು ಎಂದು ಆಗ ಅನಿಸುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಸುಬ್ಬಯ್ಯನವರಿಗೆ ಕಾಲು ಬಾತು ನಿಲ್ಲಲಾಗದೆ ಹೋಟೆಲು ಮುಚ್ಚಿತು. ಉಳಿದ ಡ್ರೈವರುಗಳು ಪೇಟೆಯಲ್ಲಿ ಪೈಪಿನಿಂದ ಜೋರಾಗಿ ನೀರು ಹೊಡೆಯುವ ಕಡೆ ತೊಳೆಸತೊಡಗಿದರು. ಹೊಳೆಗೆ ಹೋಗುವವರು ಅಜ್ಜ ಒಬ್ಬರೇ ಉಳಿದರು.

ಗುಂಯ್ ಎನ್ನುವ ಸದ್ದು ಶುರುವಾದದ್ದು ಹೋದ ವರ್ಷದ ಮಳೆಗಾಲ ಮುಗಿದ ಮೇಲೆ. ಮೂಡಬಿದ್ರೆಯಿಂದ ಹೆಗ್ಡೆಯವರನ್ನು ಕರೆದುಕೊಂಡು ಬರುವಾಗ ಅಜ್ಜನಿಗೆ ಅದು ಮೊದಲು ಕೇಳಿಸಿತಂತೆ. ನಿಧಾನ ಹೋದರೆ ಇಲ್ಲ, ಸ್ವಲ್ಪ ವೇಗ ಹಿಡಿದರೆ ಬರುತ್ತದೆ. ಜೇನು ಕಟ್ಟಿದ ಮರಕ್ಕೆ ಕಿವಿ ಕೊಟ್ಟ ಹಾಗೆ, ಎಲ್ಲಿಂದ ಎಂದು ಹೇಳಲಾಗದ ಸದ್ದು. ಸೀಟಿನಲ್ಲಿ ಸಣ್ಣ ನಡುಕವೂ ಉಂಟು. ಕೋಳಿಮರಿಯಲ್ಲ, ಮುದುಕನಲ್ಲ, ಅತ್ತೆಯೂ ಅಲ್ಲ. ಅಜ್ಜ ಹೆಗ್ಡೆಯವರನ್ನು ಕೇಳಿದರು, ಹಿಂದೆ ಏನಾದರೂ ಸದ್ದು ಕೇಳುತ್ತದಾ ಎಂದು. ಹೆಗ್ಡೆಯವರಿಗೆ ಎಂಬತ್ತು ದಾಟಿದೆ.

“ನನಗೆ ಈಗ ಕೇಳುವುದು ನನ್ನ ಹೊಟ್ಟೆಯ ಸದ್ದು ಮಾತ್ರ ತುಕ್ರಪ್ಪ” ಎಂದರು. “ಅದನ್ನು ರಿಪೇರಿ ಮಾಡುವವರು ಸಿಕ್ಕಿದರೆ ಹೇಳು.”

ಅಜ್ಜ ಮೂಡಬಿದ್ರೆಯಲ್ಲಿ ಟಯರುಗಳನ್ನು ಮುಂದಿನದು ಹಿಂದೆ, ಹಿಂದಿನದು ಮುಂದೆ ಹಾಕಿಸಿದರು. ಸದ್ದು ಹೋಗಲಿಲ್ಲ. ಚಕ್ರದ ಬೋಲ್ಟುಗಳನ್ನು ತಾನೇ ಬಿಗಿದರು. ಹಿಂದಿನ ಬಾಗಿಲಿನ ರಬ್ಬರ್ ಬದಲಿಸಿದರು. ಜಾಕ್ ಇಡುವ ಪೆಟ್ಟಿಗೆಗೆ ಹಳೆಯ ಸೀರೆ ಸುತ್ತಿದರು. ಬಾಡಿಗೆಗೆ ಬಂದವರಿಗೆ, ಒಂದು ನಿಮಿಷ ಯಾರೂ ಮಾತಾಡಬೇಡಿ ಎಂದು ಹೇಳತೊಡಗಿದರು. ಒಮ್ಮೆ ದಿಬ್ಬಣಕ್ಕೆ ಹೋಗುವಾಗಲೂ ಹೀಗೆ ಹೇಳಿದ್ದಕ್ಕೆ ಕಾರಿನಲ್ಲಿದ್ದವರೆಲ್ಲ ಬಾಯಿ ಮುಚ್ಚಿ ಕುಳಿತರು. ಇವರು ಹೀಗೆ ಸುಮ್ಮನೆ ಬಂದು ಇಳಿದದ್ದು ನೋಡಿ ಹುಡುಗಿಯ ಮನೆಯವರು, ದಾರಿಯಲ್ಲಿ ಏನೋ ಕೆಟ್ಟ ಸುದ್ದಿ ಬಂದಿರಬೇಕು ಎಂದು ಹೆದರಿದರಂತೆ.

ಸದ್ದು ಮಾತ್ರ ಬೇರೆ ಯಾರಿಗೂ ಕೇಳಲಿಲ್ಲ. ಓಮ್ನಿಯೊಳಗೆ ಮೊದಲೇ ಗದ್ದಲ ಜಾಸ್ತಿ. ಅಮ್ಮ ಹಿಂದಿನ ಸೀಟಿನಲ್ಲಿ ಕುಳಿತು ಬೆಳ್ತಂಗಡಿಯವರೆಗೆ ಹೋಗಿ ಬಂದರು, ಏನೂ ಇಲ್ಲ ಎಂದರು. ಅಜ್ಜಿ ಒಂದು ಸಲ ಹೋಗಿ ಬಂದು, ಕಾರಿನಲ್ಲಿ ಎಲ್ಲ ಸದ್ದೂ ಉಂಟು, ನೀವು ಹೇಳುವುದು ಯಾವುದು ಎಂದು ಕೇಳಿದರು.

ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಎರಡು ಸಂಗತಿಗಳು ಒಟ್ಟಿಗೆ ಬಂದವು. ಶಿರ್ತಾಡಿಯ ಹತ್ತಿರ ಹಿಂದಿನಿಂದ ಬಂದ ಬಸ್ಸು ಹಾರ್ನ್ ಹಾಕಿದರೂ ಅಜ್ಜ ಬದಿಗೆ ಸರಿಯಲಿಲ್ಲ. ಬಸ್ಸಿನವರು ಇದನ್ನು ಪೇಟೆಯಲ್ಲಿ ಹೇಳಿ, ಅದು ಅಜ್ಜಿಯವರೆಗೆ ಬಂತು. ಆ ಸದ್ದಿನ ಕಡೆಯೇ ಗಮನ ಇಟ್ಟುಕೊಂಡಿದ್ದ ಕಾರಣ ಹಾರ್ನ್ ತಲೆಗೆ ಹೋಗಲಿಲ್ಲ ಎಂದು ಅಜ್ಜ ಹೇಳಿದರು. ಅದೇ ಮಾತಿನ ಓಘದಲ್ಲಿ, ಮಲಗಿದರೂ ಅದೇ ಗುಂಯ್ ಎಂದೂ ಹೇಳಿಬಿಟ್ಟರು.

ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದವರು ನಿಲ್ಲಿಸಿದರು. “ಮಲಗಿದಾಗಲೂ ಕಾರು ಓಡ್ತದಾ?”

ದೋಣಿಯಲ್ಲಿ ಹೋಗಿ ಬಂದವರಿಗೆ ನೆಲದ ಮೇಲೆಯೂ ತೂಗಿದ ಹಾಗೆ ಆಗುವುದಿಲ್ಲವೇ, ಇದೂ ಹಾಗೆಯೇ, ದಿನವಿಡೀ ಕೇಳಿದ್ದು ಕಿವಿಯಲ್ಲಿ ಉಳಿಯುತ್ತದೆ ಎಂದು ಅಜ್ಜ ವಾದಿಸಿದರು. ಅಜ್ಜಿ ಒಪ್ಪಲಿಲ್ಲ. ಸದ್ದು ಇರುವುದು ಕಾರಿನಲ್ಲಿ ಅಲ್ಲ, ನಿಮ್ಮ ಕಿವಿಯಲ್ಲಿ, ಇನ್ನು ಓಡಿಸಿದ್ದು ಸಾಕು ಎಂದರು. ಅಮ್ಮನೂ ಅಜ್ಜಿಯ ಕಡೆಗೇ ಸೇರಿದರು. ಅಜ್ಜ ಊಟ ಮಾಡದೆ ಎದ್ದು ಹೋಗಿ ಓಮ್ನಿಯ ಒಳಗೆ ಕುಳಿತರು. ಅವರಿಗೆ ಸಿಟ್ಟು ಬಂದರೆ ಕೂರುವ ಜಾಗ ಅದು.

ಕಡೆಗೆ ಅಜ್ಜಿಯೇ ಒಂದು ದಾರಿ ಹೇಳಿದರು. ಬಂಟ್ವಾಳದ ಮೆಕ್ಯಾನಿಕ್ ಅಬ್ದುಲ್ ಸಮದ್ ಹತ್ತಿರ ತೋರಿಸುವುದು. ಕಾರಿನಲ್ಲಿ ಸದ್ದು ಉಂಟು ಎಂದು ಅವರು ಹೇಳಿದರೆ ರಿಪೇರಿ ಮಾಡಿಸಿಕೊಂಡು ಎಷ್ಟು ಕಾಲ ಬೇಕಾದರೂ ಓಡಿಸಬಹುದು, ಯಾರೂ ಮಾತಾಡುವುದಿಲ್ಲ. ಇಲ್ಲ ಎಂದರೆ ಬಂದ ದಿನವೇ ಕೀಲಿಕೈ ಅಜ್ಜಿಯ ಕೈಗೆ. ಅಜ್ಜ ಆಗಲಿ ಎಂದರು.

ಅಜ್ಜಿ ನನ್ನನ್ನೂ ಜೊತೆಗೆ ಕಳಿಸಿದರು. ಕಾಲೇಜು ಬಿಟ್ಟು ಮನೆಯಲ್ಲಿದ್ದ ಕಾರಣ ಪುರುಸೊತ್ತು ಇದ್ದದ್ದು ನನಗೆ ಮಾತ್ರ. “ಇಬ್ಬರೂ ಹಳೆಯ ದೋಸ್ತಿಗಳು, ಸೇರಿ ಏನಾದರೂ ಕಥೆ ಕಟ್ಟುತ್ತಾರೆ” ಎಂದು ಅಜ್ಜಿ ಹೇಳಿದರು. “ಇವಳು ಮಾತೇ ಆಡುವುದಿಲ್ಲ, ಹಾಗಾಗಿ ಸುಳ್ಳೂ ಹೇಳುವುದಿಲ್ಲ.”

ಸಮದರ ಗ್ಯಾರೇಜು ಬಂಟ್ವಾಳ ಪೇಟೆಗೆ ಸ್ವಲ್ಪ ಮೊದಲು ರಸ್ತೆ ಬದಿಯಲ್ಲೇ ಉಂಟು. ಕೆಂಪು ಕಲ್ಲಿನ ಕಂಬ, ಮೇಲೆ ಶೀಟು. ಅಜ್ಜ ಬಸ್ಸಿನ ಕ್ಲೀನರ್ ಆಗಿದ್ದಾಗ ಸಮದರು ಅದೇ ಬಸ್ಸುಗಳನ್ನು ರಿಪೇರಿ ಮಾಡುವಲ್ಲಿ ಕೆಲಸ ಕಲಿಯುತ್ತಿದ್ದರು. ಎಲ್ಲರೂ ಅವರನ್ನು ಸಮದಾಕ ಎಂದೇ ಕರೆಯುವುದು. ಈಗ ಅವರಿಗೆ ಮೊಣಕಾಲು ಮಡಚಲಾಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹೇಳುತ್ತಾರೆ, ಅಳಿಯ ಇಮ್ತಿಯಾಝ್ ಕಾರಿನ ಅಡಿಗೆ ಹೋಗಿ ಮಾಡುತ್ತಾರೆ. ಅವರೆಲ್ಲ ಮಾತಾಡಿದ್ದು ತುಳುವಿನಲ್ಲಿ. ನಾನು ಆದಷ್ಟು ಹಾಗೆಯೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅಜ್ಜ ಎಲ್ಲವನ್ನೂ ಹೇಳಿದರು, ಅಜ್ಜಿಯ ಷರತ್ತನ್ನು ಕೂಡ. ಸಮದಾಕ ಗಡ್ಡ ಕೆರೆದುಕೊಂಡರು.

“ನಿಮ್ಮ ಕಿವಿ ಬಿಚ್ಚುವ ಸ್ಪ್ಯಾನರ್ ನನ್ನಲ್ಲಿ ಇಲ್ಲ ತುಕ್ರಪ್ಪಣ್ಣ” ಎಂದರು. “ಕಾರಿನದ್ದಾದರೆ ನೋಡುವ. ಆದರೆ ಇಲ್ಲದ್ದನ್ನು ಉಂಟು ಎಂದು ಹೇಳಿಸಬೇಡಿ. ಜಲಜಕ್ಕ ನಾಳೆ ಇಲ್ಲಿಗೇ ಬರುತ್ತಾರೆ.”

“ಹೇಳಿಸುವುದಾದರೆ ಫೋನಿನಲ್ಲೇ ಹೇಳಿಸುತ್ತಿದ್ದೆ, ಇಷ್ಟು ದೂರ ಬರ್ತಿದ್ದೆನಾ?” ಎಂದರು ಅಜ್ಜ.

ಸಮದಾಕ ಕಷ್ಟಪಟ್ಟು ಹತ್ತಿ ಅಜ್ಜನ ಪಕ್ಕ ಕುಳಿತರು. ನಾನೂ ಇಮ್ತಿಯಾಝರೂ ಹಿಂದೆ. ಮೂಡಬಿದ್ರೆಯ ರಸ್ತೆಯಲ್ಲಿ ಹೊರಟೆವು. ಸ್ವಲ್ಪ ದೂರ ಹೋಗುವವರೆಗೆ ಸಮದಾಕ ತಲೆ ಬಗ್ಗಿಸಿ ಕಿವಿ ಕೊಟ್ಟು ಕುಳಿತರು. ಅಜ್ಜ ರಸ್ತೆಯನ್ನು ನೋಡುವುದಕ್ಕಿಂತ ಅವರ ಮುಖವನ್ನು ನೋಡುವುದೇ ಹೆಚ್ಚಾಯಿತು. ಎದುರು ನೋಡಿ ಓಡಿಸಿ ಎಂದು ಸಮದಾಕ ಹೇಳಿದರು. ಆ ಮೇಲೆ ನಿಧಾನವಾಗಿ, ತನಗೆ ಕೇಳುವುದು ಇಂಜಿನ್ ಮಾತ್ರ ಎಂದರು. ಅಜ್ಜನ ಕುತ್ತಿಗೆ ಹಿಂದಿನಿಂದ ನೋಡಿದರೂ ಬಾಡಿದ ಹಾಗೆ ಕಂಡಿತು.

ಒಂದು ಇಳಿಜಾರು ಬಂತು. ವೇಗ ಇರುವಾಗಲೇ ಗೇರ್ ನ್ಯೂಟ್ರಲಿಗೆ ಹಾಕಿ, ಬ್ರೇಕಿನ ಮೇಲೆ ಕಾಲು ಇಟ್ಟುಕೊಳ್ಳಲು ಸಮದಾಕ ಹೇಳಿದರು. ಇಂಜಿನಿನ ಗದ್ದಲ ಕೆಳಗೆ ಇಳಿಯಿತು. ಆಗ ಅದರ ಹಿಂದೆ ಅಡಗಿದ್ದದ್ದು ಹೊರಗೆ ಬಂತು. ಸಣ್ಣದು, ಆದರೆ ಎಡೆಬಿಡದೆ. ನನಗೂ ಕೇಳಿತು. ಸಮದಾಕ ಕೈ ಎತ್ತಿದರು, ಯಾರೂ ಮಾತಾಡಬಾರದು ಎಂಬಂತೆ. ಇಳಿಜಾರು ಮುಗಿದು ಕಾರು ನಿಧಾನವಾದ ಹಾಗೆ ಸದ್ದೂ ತಗ್ಗಿ ನಿಂತಿತು.

“ಉಂಟು” ಎಂದರು ಸಮದಾಕ.

ಅಜ್ಜ ಕಾರನ್ನು ಬದಿಗೆ ನಿಲ್ಲಿಸಿದರು. ನನ್ನ ಕಡೆ ತಿರುಗಿ, ಕೇಳಿತಲ್ಲ, ಅಜ್ಜಿಗೆ ಸರಿಯಾಗಿ ಹೇಳಬೇಕು ಎಂದರು.

ಆ ಮೇಲೆ ಸಮದಾಕ ಒಂದೊಂದಾಗಿ ಬಿಡಿಸುತ್ತಾ ಬಂದರು. ಗೇರ್ ಇಲ್ಲದಾಗಲೂ ಬಂದ ಕಾರಣ ಇಂಜಿನಿನದ್ದಲ್ಲ, ಚಕ್ರದ ಕಡೆಯದ್ದು. ಚಕ್ರದಲ್ಲಿ ಟಯರೋ ಬೇರಿಂಗೋ ಎಂದು ನೋಡಬೇಕು. ಬೇರಿಂಗ್ ಎಂದರೆ ಚಕ್ರ ಸಲೀಸಾಗಿ ತಿರುಗಲು ಒಳಗೆ ಇರುವ, ಗುಂಡುಗಳ ಬಳೆ. ಟಯರಿನದ್ದಾದರೆ ರಸ್ತೆ ಬದಲಾದಾಗ ಸದ್ದೂ ಬದಲಾಗುತ್ತದಂತೆ. ಡಾಂಬರು ಮುಗಿದು ಕಾಂಕ್ರೀಟು ಬರುವ ಜಾಗದಲ್ಲಿ ಎರಡು ಸಲ ಹೋಗಿ ಬಂದೆವು. ಬದಲಾಗಲಿಲ್ಲ. ಹಾಗಾದರೆ ಬೇರಿಂಗ್. ಸ್ಟೇರಿಂಗ್ ನಡುಗುವುದಿಲ್ಲ, ಹಿಂದಿನ ಸೀಟು ನಡುಗುತ್ತದೆ, ಹಾಗಾದರೆ ಹಿಂದಿನದು. ಒಂದು ಖಾಲಿ ಮೈದಾನದಲ್ಲಿ ಬಲಕ್ಕೆ ಸುತ್ತು ಹೊಡೆಸಿದರು, ಎಡಕ್ಕೆ ಹೊಡೆಸಿದರು. ಬಲಕ್ಕೆ ತಿರುಗಿದಾಗ ಸದ್ದು ದಪ್ಪವಾಯಿತು. ಬಲಕ್ಕೆ ತಿರುಗಿದರೆ ಭಾರ ಬೀಳುವುದು ಎಡಗಡೆಗೆ. ಹಿಂದಿನ ಎಡ ಚಕ್ರ ಎಂದು ಅಜ್ಜನೂ ಸಮದಾಕನೂ ಒಟ್ಟಿಗೆ ಹೇಳಿದರು. ಹೇಳಿ ನಕ್ಕರು. ಆ ನಗು ಕೇಳಿದಾಗ, ಇವರು ಇಬ್ಬರೂ ಹುಡುಗರಾಗಿದ್ದಾಗ ಹೇಗಿದ್ದಿರಬಹುದು ಎಂದು ನನಗೆ ಅಂದಾಜಾಯಿತು.

ಗ್ಯಾರೇಜಿಗೆ ಬಂದು ಇಮ್ತಿಯಾಝ್ ಆ ಚಕ್ರವನ್ನು ಜಾಕ್ ಕೊಟ್ಟು ಎತ್ತಿದರು. ಚಕ್ರವನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಅದರ ಒಳಗಿನ ಸ್ಪ್ರಿಂಗಿನ ಮೇಲೆ ಇಡಬೇಕು. ನನ್ನ ಕೈಯನ್ನೂ ಇಡಿಸಿದರು. ಬೀಸುವ ಕಲ್ಲಿನಲ್ಲಿ ಅಕ್ಕಿ ಇದ್ದ ಹಾಗೆ ಬೆರಳಿಗೆ ಗೊತ್ತಾಯಿತು. ಸಾಕ್ಷಿ ಆಯಿತಲ್ಲ ಎಂದರು ಸಮದಾಕ.

ಬಿಚ್ಚಿದಾಗ ಒಳಗಿನ ಗ್ರೀಸು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಬೇರಿಂಗಿನ ಗುಂಡುಗಳಲ್ಲಿ ತುಕ್ಕಿನ ಚುಕ್ಕೆಗಳಿದ್ದವು. ಸಮದಾಕ ಅದನ್ನು ಬೆಳಕಿಗೆ ಹಿಡಿದು ನೋಡಿ, ನೀರು ಹೋಗಿದೆ ಎಂದರು. ಎಲ್ಲಿ ತೊಳೆಯುವುದು ಎಂದು ಕೇಳಿದರು. ಅಜ್ಜ ಹೊಳೆಯಲ್ಲಿ ಎಂದರು, ಅದೇನು ಹೊಸತಾ, ನನ್ನ ಜನ್ಮವಿಡೀ ಹೊಳೆಯಲ್ಲೇ ಮೀಯಿಸಿದ್ದು, ಅಂಬಾಸಿಡರಿಗೆ ಏನೂ ಆಗಲಿಲ್ಲ, ಈ ಓಮ್ನಿಗೂ ಇಷ್ಟು ವರ್ಷ ಆಗಲಿಲ್ಲ ಎಂದೂ ಸೇರಿಸಿದರು.

ಸಮದಾಕನಿಗೆ ಇದು ಸರಿ ಹೊಂದಲಿಲ್ಲ. ಈಗ ತೊಳೆಯುವುದರಲ್ಲಿ ಏನಾದರೂ ಬೇರೆ ಮಾಡಿದ್ದೀರಾ ಎಂದು ಕೇಳಿದರು. ಅಜ್ಜ ಇಲ್ಲ ಎಂದರು. ಅದೇ ಜಾಗ, ಅದೇ ಬ್ರಷ್, ಅದೇ ಸಂಕ್ರಮಣ. ಸಮದಾಕ ಬಿಡಲಿಲ್ಲ. ಆಗ ಹೇಗೆ ಮಾಡುತ್ತಿದ್ದಿರಿ, ಪೇಟೆಯಿಂದ ಹೊರಟಲ್ಲಿಂದ ಹೇಳಿ ಎಂದರು. ಅಜ್ಜ ಹೇಳುತ್ತಾ ಹೋದರು. ಕಡೆಯ ಬಾಡಿಗೆ ಮುಗಿಸುವುದು, ಹೊಳೆಯ ದಾರಿಗೆ ಬರುವುದು, ಸುಬ್ಬಯ್ಯನವರ ಹೋಟೆಲಿನ ಎದುರು ನಿಲ್ಲಿಸುವುದು. ಅಲ್ಲಿ ಗೋಳಿಬಜೆಗೆ ಕಾಯುವುದು, ಚಹಾ ಕುಡಿಯುವುದು, ಆ ಮೇಲೆ ನೀರಿಗೆ.

“ಈಗ?”

“ಈಗ ಹೋಟೆಲ್ ಎಲ್ಲುಂಟು ಮಾರಾಯ್ರೆ? ಸೀದಾ ನೀರಿಗೆ.”

ಸಮದಾಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ದೂರ ಓಡಿ ಬಂದ ಕಾರಿನ ಚಕ್ರದ ಒಳಗೆಲ್ಲ ಬಿಸಿ ಇರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೆಯೇ ತಣ್ಣೀರಿಗೆ ಇಳಿಸಿದರೆ ಆ ಗಾಳಿ ಒಮ್ಮೆಲೇ ಕುಗ್ಗಿ, ರಬ್ಬರ್ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ತಣಿದ ಮೇಲೆ ಇಳಿಸಿದರೆ ಅಷ್ಟು ಎಳೆಯುವುದಿಲ್ಲ. ಇದನ್ನೆಲ್ಲ ಅವರು ಇಷ್ಟು ಸ್ಪಷ್ಟವಾಗಿ ಹೇಳಲಿಲ್ಲ. ಇಮ್ತಿಯಾಝ್ ನನಗೆ ಬಿಡಿಸಿ ಹೇಳಿದ್ದು. ಸಮದಾಕ ಹೇಳಿದ್ದು ಇಷ್ಟೇ.

“ಸುಬ್ಬಯ್ಯ ಕುಡಿಸುತ್ತಿದ್ದ ಚಹಾ ನಿಮಗಲ್ಲ ತುಕ್ರಪ್ಪಣ್ಣ, ಕಾರಿಗೆ.”

ಅಜ್ಜ ತುಂಬ ಹೊತ್ತು ಅದೇ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತಾ ಇದ್ದರು. ಆ ಸಾಲಿನಲ್ಲಿ ಕಾರು ನಿಲ್ಲಿಸುತ್ತಿದ್ದವರ ಹೆಸರುಗಳನ್ನು ಒಬ್ಬೊಬ್ಬರಾಗಿ ಹೇಳಿದರು. ಕೆಲವರು ತೀರಿಕೊಂಡಿದ್ದಾರೆ, ಒಬ್ಬರು ಮಗನ ಜೊತೆ ದುಬೈಯಲ್ಲಿದ್ದಾರೆ. ಸುಬ್ಬಯ್ಯನವರನ್ನು ಎಷ್ಟು ಬೈದಿದ್ದೆವು, ನಿಧಾನದ ಮನುಷ್ಯ ಎಂದು, ಎಂದರು. ಗೋಳಿಬಜೆಗೆ ತೆಂಗಿನಕಾಯಿ ಚಟ್ನಿಯಲ್ಲಿ ಅವರು ಶುಂಠಿ ಜಾಸ್ತಿ ಹಾಕುತ್ತಿದ್ದರು ಎಂದು ಸಮದಾಕ ನೆನಪಿಸಿದರು. ಜಾಸ್ತಿ ಅಲ್ಲ, ಸರಿಯಾಗಿಯೇ ಹಾಕುತ್ತಿದ್ದರು ಎಂದು ಅಜ್ಜ ತಿದ್ದಿದರು. ಇದರ ಮೇಲೆ ಸ್ವಲ್ಪ ಚರ್ಚೆಯಾಯಿತು.

ಹೊಸ ಬೇರಿಂಗ್ ತಂದು ಕೂರಿಸುವಾಗ ಮಧ್ಯಾಹ್ನ ಕಳೆದಿತ್ತು. ಅಜ್ಜ ಹೇಳಿದ ಹಾಗೆ ನಾನು ಅಜ್ಜಿಗೆ ಫೋನ್ ಮಾಡಿ, ಸದ್ದು ಕಾರಿನಲ್ಲೇ ಇತ್ತು, ನಾನೂ ಕೇಳಿದೆ, ಕೈಯಿಂದ ಮುಟ್ಟಿಯೂ ನೋಡಿದೆ ಎಂದೆ. ಅಜ್ಜಿ, ಆಯಿತು, ಬೇಗ ಬನ್ನಿ, ಬಂಗುಡೆ ಮೀನಿನ ಪುಳಿಮುಂಚಿ ಮಾಡಿದ್ದೇನೆ ಎಂದರು. ಸೋತವರು ಹೇಳುವ ಮಾತು ಅದು ಎಂದು ಅಜ್ಜ ಸಂತೋಷಪಟ್ಟರು. ನಾಳೆ ಶುಕ್ರವಾರ, ಹೆಗ್ಡೆಯವರನ್ನು ಹೊಸ ಕಾರಿನಲ್ಲಿ ಕೂರಿಸಿದ ಹಾಗೆ ಕೂರಿಸಿಕೊಂಡು ಹೋಗುತ್ತೇನೆ ಎಂದು ಸಮದಾಕನಿಗೆ ಹೇಳಿದರು. ಸಮದಾಕ ಅವರ ಬೆನ್ನಿಗೆ ಗ್ರೀಸಿನ ಕೈಯಲ್ಲೇ ತಟ್ಟಿದರು.

ಹೊರಟೆವು. ಅಜ್ಜ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಕಾರು ನಿಜವಾಗಿಯೂ ಹಗುರಾಗಿತ್ತು. ಸಿದ್ದಕಟ್ಟೆಗೆ ಬರುವ ಮೊದಲು ಒಂದು ಇಳಿಜಾರಿನಲ್ಲಿ ಅಜ್ಜ ಗೇರ್ ನ್ಯೂಟ್ರಲಿಗೆ ಹಾಕಿದರು. ಗಾಳಿಯ ಸದ್ದು, ಟಯರಿನ ಸದ್ದು, ಅಷ್ಟೇ.

“ಕೇಳ್ತದಾ?” ಎಂದು ಕೇಳಿದರು.

ಇಲ್ಲ ಅಜ್ಜ ಎಂದೆ. ಅವರು ಹಾಗೆಯೇ ಮುಂದೆ ಹೋದರು. ಸ್ವಲ್ಪ ದೂರ ಹೋಗಿ ತನ್ನ ಬದಿಯ ಗಾಜು ಏರಿಸಿದರು. ಮತ್ತೆ ಇಳಿಸಿದರು. ಇನ್ನೊಂದು ಇಳಿಜಾರಿನಲ್ಲಿ ಮತ್ತೆ ಅದೇ ಮಾಡಿ, ಸರಿಯಾಗಿ ಕೇಳು, ಈಗಲೂ ಇಲ್ಲವಾ ಎಂದರು. ನಾನು ಕಣ್ಣು ಮುಚ್ಚಿ ಕೇಳಿದೆ. ತಪ್ಪು ಹೇಳಬಾರದು ಎಂದು ಕೈಯನ್ನು ಸೀಟಿನ ಮೇಲೂ ಇಟ್ಟು ನೋಡಿದೆ. ಇಲ್ಲ ಎಂದೆ. ಅವರು ತಲೆಯಾಡಿಸಿದರು.

ಸಿದ್ದಕಟ್ಟೆ ದಾಟಿದ ಮೇಲೆ ಒಂದು ಬಸ್ ನಿಲ್ದಾಣದ ಎದುರು ಕಾರನ್ನು ನಿಲ್ಲಿಸಿ ಇಂಜಿನ್ ಬಂದ್ ಮಾಡಿದರು. ರಸ್ತೆಯಲ್ಲಿ ಆಗ ಗಾಡಿಗಳೂ ಇರಲಿಲ್ಲ. ನಿಂತ ಕಾರಿನಲ್ಲಿ ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ, ಪೇಟೆಯಲ್ಲಿ ಕುಳಿತು ತಿರುವಿನಾಚೆಯ ಗಾಡಿಗೆ ಕಿವಿ ಕೊಡುತ್ತಿದ್ದವರ ಹಾಗೆ ಕುಳಿತಿದ್ದರು. ನನಗೆ ಅರ್ಥವಾಯಿತು. ಆ ಮೇಲೆ ಕಾರು ಚಾಲೂ ಮಾಡಿದರು. ಮನೆಯವರೆಗೆ ಒಮ್ಮೆಯೂ ವೇಗ ಹೆಚ್ಚಿಸಲಿಲ್ಲ. ಹಿಂದಿನಿಂದ ಬಂದ ಎಲ್ಲ ಗಾಡಿಗಳಿಗೂ ಮೊದಲೇ ಬದಿ ಕೊಟ್ಟರು, ಕನ್ನಡಿಯಲ್ಲಿ ನೋಡಿ ನೋಡಿ.

ಅಂಗಳದಲ್ಲಿ ಅಜ್ಜಿ ನಿಂತಿದ್ದರು. ಸೋತದ್ದಕ್ಕೆ ಮುಖ ಊದಿಸಿಕೊಳ್ಳದೆ, ರಿಪೇರಿ ಸರಿಯಾಯಿತಾ, ಸದ್ದು ಹೋಯಿತಾ ಎಂದು ನನ್ನನ್ನೇ ಕೇಳಿದರು. ಹೋಯಿತು ಎಂದು ನಾನು ಹೇಳಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಹೇಳಿದರು.

“ಕಾರಿನದ್ದು ಹೋಯಿತು. ನನ್ನದು ಉಂಟು.”

ಅಜ್ಜಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವರಿಗೆ ಸಿಟ್ಟೇ ಬಂತು. ಸಮದಾಕ ಹೇಳಿದ್ದು ಸುಳ್ಳಾ, ಬೇರಿಂಗ್ ಹಾಳಾದದ್ದು ಹೌದಲ್ಲವಾ, ಮಾತು ಎಂದರೆ ಮಾತು, ಈಗ ಯಾಕೆ ಹೊಸ ಕಥೆ ಎಂದು ಜೋರು ಮಾಡಿದರು. ಇಷ್ಟು ದಿನ ಓಡಿಸಬೇಡಿ ಎಂದವರು ಈಗ ಓಡಿಸಿ ಎಂದು ವಾದ ಮಾಡುತ್ತಿದ್ದರು. ಎರಡೂ ಒಟ್ಟಿಗೆ ಇರಬಹುದು ಎಂದು ತಮಗೂ ಹೊಳೆಯಲಿಲ್ಲ ಎಂದು ಅಜ್ಜ ಹೇಳಿದರು. ಕಾರಿನ ಗುಂಯ್ ಒಳಗೆ ಕಿವಿಯ ಗುಂಯ್ ಸೇರಿಕೊಂಡು ಕುಳಿತಿತ್ತು.

“ಈ ಸಲ ಬೇರಿಂಗ್ ಆದ ಕಾರಣ ಬಚಾವಾಯಿತು” ಎಂದರು. “ನಾಳೆ ಬ್ರೇಕಿನಲ್ಲಿ ಏನಾದರೂ ಸದ್ದು ಬಂದರೆ ಅದು ಇದರ ಅಡಿಗೆ ಹೋಗ್ತದೆ. ಹಿಂದೆ ಕುಳಿತವರಿಗೆ ಅದು ಗೊತ್ತಿರುವುದಿಲ್ಲ ಜಲಜಾ. ಅವರು ನನ್ನ ಕಿವಿಯನ್ನು ನಂಬಿ ಹತ್ತುವುದು.”

ಅಜ್ಜಿ ಡಾಕ್ಟರಿಗೆ ತೋರಿಸುವ ಎಂದರು. ತೋರಿಸುವ, ಆದರೆ ಅಲ್ಲಿಯವರೆಗೆ ಯಾರನ್ನೂ ಹತ್ತಿಸುವುದಿಲ್ಲ ಎಂದರು ಅಜ್ಜ. ಕೀಲಿಕೈಯನ್ನು ಅಜ್ಜಿಯ ಕಡೆ ಚಾಚಿದರು. ಅಜ್ಜಿ ಅದನ್ನು ತೆಗೆದುಕೊಂಡು ಅವರ ಅಂಗಿಯ ಜೇಬಿಗೇ ಹಾಕಿದರು. ಅಜ್ಜ ತೆಗೆದು ಜಗಲಿಯ ದಂಡೆಯ ಮೇಲೆ ಇಟ್ಟರು. ಊಟ ಮಾಡಿ ಎಲ್ಲರೂ ಮಲಗಿದ ಮೇಲೂ ಅದು ಅಲ್ಲಿಯೇ ಇತ್ತು. ಬಂಗುಡೆ ಚೆನ್ನಾಗಿತ್ತು. ಯಾರೂ ಅದನ್ನು ಹೇಳಲಿಲ್ಲ.

ಮೂಡಬಿದ್ರೆಯ ಕಿವಿಯ ಡಾಕ್ಟರು ಕೆಲವು ದಿನದ ಮೇಲೆ ನೋಡಿ, ವಯಸ್ಸಿನಿಂದಲೂ ಗದ್ದಲದಲ್ಲಿ ದುಡಿದದ್ದರಿಂದಲೂ ಹೀಗಾಗುತ್ತದೆ, ಕಡಿಮೆ ಮಾಡಬಹುದು, ಪೂರ್ತಿ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ ಎಂದರು. ಆದರೆ ಅದಕ್ಕೆ ಮೊದಲು, ಮರುದಿನ ಬೆಳಿಗ್ಗೆಯೇ ಹೆಗ್ಡೆಯವರಿಗೆ ತಿಳಿಸುವ ಕೆಲಸ ಇತ್ತು. ಫೋನ್ ಮಾಡಿದರೆ ಸಾಕಲ್ಲವೇ ಎಂದು ಅಮ್ಮ ಕೇಳಿದರು. ಇದು ಫೋನಿನಲ್ಲಿ ಹೇಳುವಂಥದ್ದಲ್ಲ ಎಂದು ಅಜ್ಜ ಬಿಳಿ ಪಂಚೆ ಉಟ್ಟು, ನನ್ನನ್ನು ಕರೆದುಕೊಂಡು ಬಸ್ಸಿಗೆ ಹೊರಟರು. ಅವರು ಬಸ್ಸಿನಲ್ಲಿ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಿಟಕಿಯ ಬದಿಯನ್ನು ನನಗೆ ಬಿಟ್ಟು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ತಿರುವು ಬಂದಾಗಲೆಲ್ಲ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಕಂಡಕ್ಟರಿಗೆ ಅವರ ಗುರುತು ಇತ್ತು. ಟಿಕೆಟಿಗೆ ಬಂದವನು ನಿಂತು, “ತುಕ್ರಪ್ಪಣ್ಣ, ನೀವು ಬಸ್ಸಿನಲ್ಲಾ? ಗಾಡಿ ಕೈ ಕೊಟ್ಟಿತಾ?” ಎಂದು ಕೇಳಿದ. ಸುತ್ತಲಿನವರೂ ತಿರುಗಿ ನೋಡಿದರು.

ಅಜ್ಜ ಜೇಬಿನಿಂದ ದುಡ್ಡು ತೆಗೆದರು.

“ಗಾಡಿಗೆ ಏನೂ ಆಗಲಿಲ್ಲ ಮಾರಾಯ” ಎಂದರು. “ನಿನ್ನೆಯಷ್ಟೇ ಸಮದಾಕ ನೋಡಿದ್ದಾರೆ. ಈಗ ಅದರಲ್ಲಿ ಒಂದು ಸದ್ದೂ ಇಲ್ಲ. ನಾರಾವಿಗೆ ಎರಡು ಕೊಡು.”